ಖಂಡೆಪೂಜೆಯ ದಿನ ಟ್ಯೂಬಿನ ಪಾಳಿ

ಮುದ್ದೇಬಿಹಾಳದ ಆ ನರ್ಸಿಂಗ್ ಹೋಮಿನಲ್ಲಿ ಹೃದಯ ನಿಂತವರಿಗೂ ಪಾಳಿ ಇತ್ತು. ಒಂದು ವಾರ ಬಂದವರಿಗೆ ಶ್ವಾಸನಾಳಕ್ಕೆ ಇಳಿಸುವ ಉದ್ದನೆಯ ಟ್ಯೂಬ್. ಮರುವಾರ ಬಂದವರಿಗೆ ಗಂಟಲಲ್ಲೇ ಕೂರುವ ಮೆತ್ತನೆಯ ಹೊಸ ಸಾಧನ. ಯಾವುದರಿಂದ ಹೆಚ್ಚು ಜನ ಬದುಕುತ್ತಾರೆಂದು ಹೋಲಿಸಿ, ವಿಜಯಪುರದ ವೈದ್ಯರ ಸಮ್ಮೇಳನದಲ್ಲಿ ಭಾಷಣ ಮಾಡಬೇಕೆಂಬುದು ಮಾಲೀಕ ಡಾಕ್ಟರ್ ಸಂಜೀವಕುಮಾರರ ಆಸೆ. ಹೊಸದೇ ಮೇಲು ಎಂಬ ಭಾಷಣ ತಯಾರಾಗಿತ್ತು. ರೋಗಿಗಳು ಬರುವುದಷ್ಟೇ ಬಾಕಿ.

ಡ್ಯೂಟಿ ಡಾಕ್ಟರ್ ಸಂಘಮಿತ್ರಾಗೆ ಇದು ಸರಿಕಾಣುತ್ತಿರಲಿಲ್ಲ. ಆದರೆ ಆಕೆ ಮಾತನ್ನು ನಾಲಿಗೆಯ ತುದಿಗೆ ತಂದು, ಹೊರಳಿಸಿ ನೋಡಿ, ವಾಪಸ್ ಕಳಿಸುವವಳು. "ಹೌದ್ರಿ ಸರ್" ಎಂಬುದಷ್ಟೇ ಹೊರಬೀಳುತ್ತಿತ್ತು.

ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಆಯಾ ಚಂದವ್ವ ತುರ್ತುಕೋಣೆಯ ಸಾಮಾನನ್ನೆಲ್ಲ ಮೇಜಿನ ಮೇಲೆ ಪೂಜೆಗಿಟ್ಟಳು. ಟ್ಯೂಬಿಗೆ ವಿಭೂತಿ, ಮೆತ್ತನೆಯದಕ್ಕೆ ಕುಂಕುಮ, ಶಾಕ್ ಕೊಡುವ ಮಷೀನಿಗೆ ಚೆಂಡುಹೂವಿನ ಮಾಲೆ. ಮರುದಿನ ದಸರೆಯ ಬನ್ನಿ ಮುಡಿಯುವ ತನಕ ಯಾವುದನ್ನೂ ಕದಲಿಸುವಂತಿಲ್ಲ.

ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಹತ್ತಿ ವ್ಯಾಪಾರಿ ಶಂಕ್ರೆಪ್ಪನನ್ನು ಆಟೋದಿಂದ ಎತ್ತಿ ತಂದರು. ಹಿಂದೆಯೇ ಹೆಂಡತಿ ಸಾವಿತ್ರವ್ವ. ಉಸಿರಿಲ್ಲ, ನಾಡಿಯಿಲ್ಲ. ಸಂಘಮಿತ್ರಾ ಸ್ಟೂಲ್ ಹತ್ತಿ ಎದೆ ಒತ್ತತೊಡಗಿದಳು.

"ಬಿಲಾಲ, ಮಾಸ್ಕ್ ಹಿಡಿ, ಗಾಳಿ ಕೊಡು. ಚಂದವ್ವಾ, ಮಷೀನ್ ತಾ!"

"ಮುಟ್ಟಬ್ಯಾಡ್ರಿ ಡಾಕ್ಟರಬಾಯಾರ! ಆರತಿ ಆಗಿಲ್ರಿ!"

ನರ್ಸ್ ಬಿಲಾಲ ಮಾಲೆಯನ್ನು ಕಿತ್ತೆಸೆದ. "ಪಾಪ ನನ್ನ ಮ್ಯಾಲ ಹಾಕ ಚಂದವ್ವಾ. ನಿಮ್ಮ ದೇವ್ರಿಗಿ ನನ್ನ ವಿಳಾಸ ಗೊತ್ತಿಲ್ಲ."

ಸಂಜೀವಕುಮಾರರು ಜರಿಯಂಚಿನ ಧೋತರ ಸಾವರಿಸುತ್ತ ಓಡಿಬಂದರು. "ಇದು ಯಾವ ವಾರ?"

"ಟ್ಯೂಬಿಂದ್ರಿ," ಎಂದ ಬಿಲಾಲ. "ಅದರ ತುಂಬ ವಿಭೂತಿ ಐತ್ರಿ."

"ಹಂಗಾದ್ರ ಮೆತ್ತಂದು... ಬ್ಯಾಡ, ತಡೀರಿ! ಟ್ಯೂಬಿನ ವಾರದಾಗ ಮೆತ್ತಂದು ಹಾಕಿ ಬದುಕಿದ್ರ, ಯಾರ ಪಾಲಿಗೆ ಹಚ್ಚೂಣು?"

"ಎಲ್ಲಾರೂ ದೂರ ಸರೀರಿ!" ಸಂಘಮಿತ್ರಾ ಶಾಕ್ ಕೊಟ್ಟಳು. ಮತ್ತೆ ಎದೆ ಒತ್ತಿದಳು, ಬಿಲಾಲ ಗಾಳಿ ಕೊಟ್ಟ, ಮತ್ತೊಮ್ಮೆ ಶಾಕ್. ಸ್ವಲ್ಪ ಹೊತ್ತಿಗೆ ಶಂಕ್ರೆಪ್ಪನ ನಾಡಿ ಬಂತು. ಎದೆ ತಾನಾಗಿ ಏರಿಳಿಯಿತು. ಆತ ನರಳಿ, ಮಾಸ್ಕನ್ನು ಕೈಯಿಂದ ದೂಡಿದ.

ಸಾವಿತ್ರವ್ವ ಕುಸಿದು ಕೂತು ಅತ್ತಳು. ಸಂಜೀವಕುಮಾರರಿಗೂ ಅಳು ಬರುವಂತಿತ್ತು. ಎರಡೂ ಸಾಧನಗಳು ಮೇಜಿನ ಮೇಲೆ ಕೂತಲ್ಲೇ ಕೂತಿದ್ದವು. ಅವರು ಟ್ಯೂಬೆತ್ತಿ ಶಲ್ಯದಿಂದ ಒರೆಸತೊಡಗಿದರು.

"ಒಂದ್ಸಲ ಇಳಿಸಿ ತಗದ್ಬಿಡೂಣು. ಹೆಸರಿಗಿ."

"ಸರ್, ಅವ್ರು ತಾವ ಉಸಿರಾಡಾಕತ್ತಾರ್ರಿ," ಎಂದ ಬಿಲಾಲ.

"ಅದ ತಾಪತ್ರಯ ಆಗೇತಿ!"

ಸಾವಿತ್ರವ್ವ ತಲೆಯೆತ್ತಿದಳು. "ಏನ್ರಿ ಬಾಯಾರ ಅದು? ಹಾಕಬೇಕೇನ್ರಿ?"

ಎಂದಿನಂತೆ ಮಾತು ಸಂಘಮಿತ್ರಾಳ ನಾಲಿಗೆಯ ತುದಿಗೆ ಬಂತು. ಶಂಕ್ರೆಪ್ಪ ಬಾಯಿ ತೆರೆದು ಮಲಗಿದ್ದ, ಟ್ಯೂಬ್ ಹತ್ತಿರ ಬರುತ್ತಿತ್ತು. ಹೊರಳಿಸಿ ನೋಡಲು ಪುರಸೊತ್ತು ಸಿಗಲಿಲ್ಲ.

"ಬ್ಯಾಡ್ರಿ ಅವ್ವಾ," ಎಂದಳು ಸಂಘಮಿತ್ರಾ, ಮಂಚಕ್ಕೂ ಮಾಲೀಕರಿಗೂ ನಡುವೆ ನಿಂತು. "ಉಸಿರು ನಿಂತವ್ರಿಗಿ ಹಾಕೂದದು. ಸರ್, ಇಲ್ಲೆ ಕೊಡ್ರಿ."

ಚಾಚಿದ ಕೈಯನ್ನು ಆಕೆ ಹಿಂದೆಗೆಯಲಿಲ್ಲ. ಕೊನೆಗೆ ಅವರೇ ಟ್ಯೂಬ್ ಕೊಟ್ಟರು.

"ಸಮ್ಮೇಳನದಾಗ ನಾ ಏನ್ ಹೇಳ್ಲಿ?"

"ಎದಿ ಒತ್ತಿದ್ವಿ, ಶಾಕ್ ಕೊಟ್ವಿ ಅಂತ ಹೇಳ್ರಿ."

"ಅಷ್ಟ ಹೇಳಾಕ ವಿಜಯಪುರ ತನಕ ಹೋಗಬೇಕೇನು?"

"ನೀವು ಹೋಗದಿದ್ರ ನಡೀತೈತ್ರಿ," ಎಂದಳು ಸಂಘಮಿತ್ರಾ. "ಇವ್ರನ್ನ ಮಾತ್ರ ಈಗ ಅಲ್ಲಿ ಹೃದಯದ ಡಾಕ್ಟ್ರ ಕಡೆ ಕಳಸಬೇಕು."