ಮೂಗುಬಂಡೆಗೆ ಬಂದ ಹಂಸ

ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ನಮ್ಮತ್ತೆ ಹೇಳುತ್ತಾರೆ. ಮದುವೆಯಾಗಿ ಬಂದಾಗಿನಿಂದ ಒಂದೇ ಬಂಡೆಯ ವಿಷಯಕ್ಕೆ ಮಾವನ ಜೊತೆ ಜಗಳವಾಡುತ್ತಾ ಬಂದವಳಿಗೆ ಇನ್ನೆಲ್ಲಿರಬೇಕು ಹೇಳಿ?

ಬಂಡೆ ಇರುವುದು ಅಜ್ಜಂಪುರಕ್ಕೆ ಹತ್ತಿರದ ನಮ್ಮೂರ ಕೆರೆಯಲ್ಲಿ. ದಡದಿಂದ ನೀರೊಳಕ್ಕೆ ಎತ್ತರವಾಗಿ ಚಾಚಿಕೊಂಡಿದೆ, ಅದಕ್ಕೇ ಮೂಗುಬಂಡೆ. ಅದರ ಬೆನ್ನಿನ ತುಂಬ ಸಾಲುಸಾಲು ನೆರಿಗೆಗಳು. ನಾನು ಭೂವಿಜ್ಞಾನ ಓದಿದವಳು, ಈಗ ಅಜ್ಜಂಪುರದ ಹೈಸ್ಕೂಲಿನಲ್ಲಿ ಟೀಚರ್. ಮೊದಲ ಸಲ ಆ ನೆರಿಗೆ ಕಂಡಾಗ ಕುಣಿದಾಡಿಬಿಟ್ಟಿದ್ದೆ.

"ಇದು ಮರಳಾಗಿತ್ತು ಮಾವ! ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರದ ದಡ ಇತ್ತು. ಅಲೆ ಬಂದು ಬಂದು ಎಳೆದ ಗೆರೆ, ಹಂಗೇ ಕಲ್ಲಾಗಿದೆ ನೋಡಿ."

ಮಾವ ದೇವೀರಪ್ಪನವರು ಎಲೆಯಡಿಕೆ ಉಗಿದು ಬಂದು ಹೇಳಿದ್ದರು. "ನಮ್ಮೂರಿಗೆ ಬಸ್ ಬರೋದೇ ಕಷ್ಟ, ಸಮುದ್ರ ಬಂದಿತ್ತಂತೆ ಸಮುದ್ರ! ಅದು ಗಂಗಮ್ಮನ ಸೀರೆ ನೆರಿಗೆ ಕಣಮ್ಮಾ."

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಹಿಡಿದದ್ದಕ್ಕೂ ಅಷ್ಟೇ ಅನ್ನಿ.

ಈ ಸಲದ ಆಷಾಢದಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದು, ಗಾಳಿ ನಮ್ಮ ಕಡೆಯ ತೆಂಗಿನಮರಗಳನ್ನೂ ಹಿಡಿದು ಅಲ್ಲಾಡಿಸಿತು. ಅದು ತಗ್ಗಿದ ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆಗೆ ಓಡಿದೆ. ಮೂಗುಬಂಡೆಯ ಮೇಲೆ ಎಂದಿನಂತೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು, ಬೆಳ್ಳಕ್ಕಿಗಳಿದ್ದವು. ಟಿಟ್ಟಿಭವೊಂದು ಊರಿಗೆಲ್ಲ ಕೇಳುವಂತೆ ಬೈಯುತ್ತಿತ್ತು. ಅದು ಯಾರನ್ನು ಬೈಯುತ್ತಿದೆ ಎಂದು ಬೈನಾಕ್ಯುಲರ್ ತಿರುಗಿಸಿದೆ.

ಬಾತುಕೋಳಿಗಿಂತ ದೊಡ್ಡದು, ಮೈಯೆಲ್ಲ ಹಾಲುಬಿಳುಪು. ರೆಕ್ಕೆಯಂಚು ಕಪ್ಪು. ಕೊಕ್ಕಿನ ಬುಡಕ್ಕೆ ಮಸಿ ಬಳಿದಂತೆ ಕಪ್ಪು ಮುಖವಾಡ. ಬೂಬಿ! ನಡುಗಡಲಿನಲ್ಲಿ ಬದುಕುವ ಹಕ್ಕಿ! ಬಿರುಗಾಳಿ ಅದನ್ನು ಘಟ್ಟ ದಾಟಿಸಿ ತಂದು ಇಲ್ಲಿ ಎಸೆದಿತ್ತು. ಸಮುದ್ರವೇ ಇಲ್ಲಿಂದ ಹೊರಟುಹೋಗಿ ಕೋಟಿಗಟ್ಟಲೆ ವರ್ಷಗಳಾದ ಮೇಲೆ ಅದರ ಹಕ್ಕಿ ಬಂದು ಅದೇ ದಡದಲ್ಲಿ ಕೂತಿದೆ! ನಾನು ಕಿರುಚಿಯೇಬಿಟ್ಟೆ. ನೀರುಕಾಗೆಗಳೆಲ್ಲ ಎದ್ದು ಹೋದವು. ಅದೊಂದು ಮಾತ್ರ ಏಳಲಿಲ್ಲ, ಏಳುವ ಶಕ್ತಿ ಅದಕ್ಕಿರಲಿಲ್ಲ.

ಅಷ್ಟರಲ್ಲಿ ಏರಿಯ ಮೇಲಿಂದ ನಾಯಿಗಳು ಬಂದವು. ಇನ್ನು ಯೋಚಿಸುವುದೇನು? ದುಪಟ್ಟಾ ಹೊದಿಸಿ, ಎರಡು ಸಲ ಕುಕ್ಕಿಸಿಕೊಂಡು, ಎತ್ತಿಕೊಂಡು ಮನೆಗೆ ಬಂದೆ.

ಮಾವ ಆಗತಾನೆ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಜಗಲಿಗೆ ಬಂದಿದ್ದರು. ದುಪಟ್ಟಾ ಸರಿದದ್ದೇ ತಡ, ಕೈ ಮುಗಿದುಬಿಟ್ಟರು.

"ಹಂಸ! ಲೇ ಮಲ್ಲಿಕಾಂಬ, ಬಾರೇ ಇಲ್ಲಿ! ನಮ್ಮನೆಗೆ ಹಂಸ ಬಂದದೆ!"

"ಹಂಸ ಅಲ್ಲ ಮಾವ, ಇದು ಬೂಬಿ. ಸಮುದ್ರದ್ದು."

"ನಿಂದು ಯಾವಾಗ್ಲೂ ಸಮುದ್ರವೇ. ಸುಮ್ನಿರವ್ವ."

ಬೆಳ್ಳಿ ಬಟ್ಟಲು ಬಂತು. ಹಾಲಿಗೆ ನೀರು ಬೆರೆಸಿದರು. ನಿಜವಾದ ಹಂಸ ನೀರು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದಲ್ಲ, ಅದನ್ನು ಪರೀಕ್ಷೆ ಮಾಡಲು. ಪಕ್ಕದ ಮನೆಯ ಕಲ್ಲೇಶಪ್ಪನವರು ಊರೆಲ್ಲ ಡಂಗುರ ಹೊಡೆದು ಜಗಲಿಯ ಮುಂದೆ ಜನ ಸೇರಿಸಿದರು. ಹಕ್ಕಿ ಬಟ್ಟಲಿಗೆ ಕೊಕ್ಕು ಹಾಕಿ ತಲೆ ಕೊಡವಿತು. ಹಾಲೆಲ್ಲ ಕಲ್ಲೇಶಪ್ಪನವರ ಅಂಗಿಯ ಮೇಲೆ.

"ನೋಡಿದ್ರಾ, ನೀರು ಬೇಡ ಅಂತು!" ಎಂದರು ಮಾವ.

"ಎರಡೂ ಬೇಡ ಅಂತು ಮಾವ!" ಎಂದೆ ನಾನು. "ಪಾಪ, ಬಿಡಿ ಅದನ್ನ!"

"ಬಂದ ಅತಿಥಿ ನಮ್ಮನೆಯಿಂದ ಉಪವಾಸ ಹೋಗಿದ್ದಿಲ್ಲ," ಎಂದು ಮಾವ ಎಲ್ಲರೆದುರು ಘೋಷಿಸಿದರು. "ಇದೂ ಹೋಗಲ್ಲ."

ಹಾಲನ್ನ ಆಯಿತು, ನೆನೆಸಿದ ಅವಲಕ್ಕಿ ಆಯಿತು, ಬಾಳೆಹಣ್ಣೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಹಕ್ಕಿಯ ಕತ್ತು ಜೋತುಬಿತ್ತು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದರೆ, ರಸ್ತೆಗೆ ಮರ ಬಿದ್ದಿದೆ, ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ತರೀಕೆರೆಯಲ್ಲಿ ಪಶುವೈದ್ಯೆಯಾಗಿರುವ ಗೆಳತಿ ಸ್ಫೂರ್ತಿ ಫೋನಿನಲ್ಲೇ ನನ್ನ ಜನ್ಮ ಜಾಲಾಡಿದಳು.

"ಹಾಲು ಇಟ್ರಾ? ಹುಚ್ಚೇನೇ ನಿಮ್ಗೆ? ಮೀನು ಕಣೇ, ಮೀನು! ಸಂಜೆಯೊಳಗೆ ಹೊಟ್ಟೆಗೆ ಮೀನು ಬೀಳದಿದ್ರೆ ಅದು ಉಳಿಯಲ್ಲ."

ಸ್ಪೀಕರ್ ಆನ್ ಆಗಿತ್ತು. ಜಗಲಿಯವರೆಲ್ಲ ಕೇಳಿಸಿಕೊಂಡರು. ಲಿಂಗ ಕಟ್ಟಿದ ಮನೆ ನಮ್ಮದು. ಈರುಳ್ಳಿ ಹಾಕುವುದಕ್ಕೂ ವಾರ ನೋಡುವ ನಮ್ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮೀನು ಈ ಹೊಸ್ತಿಲು ದಾಟಿದ್ರೆ ನಾನು ತೌರಿಗೆ ಹೊರಟೆ!"

"ಹಂಸ ಮೀನು ತಿಂತದಾ ದೇವೀರಪ್ಪ?" ಎಂದು ಕಲ್ಲೇಶಪ್ಪನವರು ಅಂಗಿ ಒರೆಸಿಕೊಳ್ಳುತ್ತಾ ಕೇಳಿದರು. ಜನ ಕಿಸಕ್ಕನೆ ನಕ್ಕರು. ಮಾವನ ಮುಖ ಸಪ್ಪಗಾಯಿತು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆನೇನೋ. ಆಗ ಮಾತ್ರ ಅಳು ಒತ್ತರಿಸಿ ಬಂತು, ಹಕ್ಕಿ ನನ್ನ ಮಡಿಲಲ್ಲೇ ಸಾಯುತ್ತಿತ್ತು.

"ಕೆರೆ ಮೀನು ಹಿಡಿಯೋ ಹಾಲೇಶನ ಮನೆಗೆ ಕೊಟ್ಟು ಬತ್ತೀನಿ ಮಾವ," ಎಂದು ಎದ್ದೆ.

"ಕೂತ್ಕೋ." ಮಾವನ ದನಿ ಬದಲಾಗಿತ್ತು. "ಅತಿಥಿ ಹಸಿದಾಗ ಬೇರೆ ಮನೆ ಬಾಗಿಲು ತೋರಿಸ್ತಾರಾ? ಹಾಲೇಶನ್ನೇ ಕರೀರಿ. ಹಿತ್ತಿಲಿಂದ ಬರ್ಲಿ."

ಹಾಲೇಶ ಬಕೆಟ್ಟಿನಲ್ಲಿ ಬೆರಳುದ್ದದ ಮೀನು ತಂದ. ಹಕ್ಕಿ ತಾನಾಗಿ ತಿನ್ನಲಿಲ್ಲ. ಹಾಲೇಶ ಅದರ ರೆಕ್ಕೆಗಳನ್ನು ಒತ್ತಿ ಹಿಡಿದುಕೊಂಡ, ನಾನು ಎರಡೂ ಕೈಯಲ್ಲಿ ಕೊಕ್ಕು ಬಿಡಿಸಿದೆ. ಗರಗಸದಂಥ ಅಂಚು, ಬೆರಳು ಕೊಯ್ದು ರಕ್ತ ಬಂತು. ಮೀನನ್ನು ಗಂಟಲಿಗೆ ಇಳಿಸಲು ಇನ್ನೊಂದು ಕೈ ಬೇಕಿತ್ತು.

"ಯಾರಾದ್ರೂ ಬನ್ರೀ!" ಎಂದು ಅರಚಿದೆ. ಕಲ್ಲೇಶಪ್ಪನವರು ಹಿಂದೆ ಸರಿದರು.

ಮಾವ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಕ್ಕೆ ಇಳಿಸಿದರು. "ಶಿವಾ," ಎಂದು ಕಣ್ಣು ಮುಚ್ಚಿ ಬಕೆಟ್ಟಿಗೆ ಕೈ ಹಾಕಿದರು. ಮೀನು ಜಾರಿ ನೆಲಕ್ಕೆ ಬಿತ್ತು. ಮತ್ತೆ ಹಿಡಿದರು.

"ತಲೆ ಮುಂದಾಗಿ, ಯಜಮಾನ್ರೇ," ಎಂದ ಹಾಲೇಶ.

"ತಲೆ ಯಾವುದೋ ಮಾರಾಯ?"

"ಕಣ್ಣು ಬಿಟ್ಟು ನೋಡಿ!"

ಅವರು ಕಣ್ಣು ಬಿಟ್ಟರು. ಮೀನನ್ನು ಕೊಕ್ಕಿನೊಳಗೆ ಇಟ್ಟು ನಡುಬೆರಳಿನಿಂದ ನೂಕಿದರು. ಹಕ್ಕಿಯ ಗಂಟಲು ಉಬ್ಬಿತು, ಇಳಿಯಿತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆರನೆಯ ಮೀನಿಗೆ ಹಕ್ಕಿ ತಾನೇ ಬಾಯಿ ತೆರೆಯಿತು. ಮಾವ ತಣ್ಣೀರು ಸುರಿದುಕೊಂಡು ಸ್ನಾನ ಮಾಡಿ ಬಂದು, ಸಂಜೆಗೆ ಮತ್ತೆ ಬಕೆಟ್ಟಿನ ಮುಂದೆ ಕೂತರು. ಅತ್ತೆ ತೌರಿಗೇನೂ ಹೋಗಲಿಲ್ಲ, ಬಾಗಿಲ ಸಂದಿಯಿಂದ, "ಇನ್ನೊಂದು ತಿಂತದೇನೋ ಕೇಳ್ರೀ," ಎಂದರು.

ಮರುದಿನ ಅರಣ್ಯದ ಗಾರ್ಡ್ ಪಂಜರ ತಂದರು. ಹಿತ್ತಿಲಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತಿತ್ತು, ಓಡುತ್ತಿತ್ತು, ಮುಗ್ಗರಿಸುತ್ತಿತ್ತು. ಇದು ಹಾರುವುದಿಲ್ಲ, ದೂರದ ಆಸ್ಪತ್ರೆಗೆ ಒಯ್ಯಬೇಕು, ದಾರಿಯಲ್ಲಿ ಬದುಕಿದರೆ ಪುಣ್ಯ ಎಂದರು ಗಾರ್ಡ್.

"ಸಮನೆಲದಿಂದ ಇದು ಏಳಲ್ಲ ಸಾರ್!" ನಾನು ಕೂಗಾಡಿದೆ. "ಇದಕ್ಕೆ ಬಂಡೆಯ ಎತ್ತರ ಬೇಕು, ಎದುರುಗಾಳಿ ಬೇಕು. ಒಂದೇ ಒಂದು ಸಲ ಮೂಗುಬಂಡೆಗೆ ಒಯ್ಯೋಣ. ಆಗದಿದ್ರೆ ಪಂಜರ ಇದ್ದೇ ಇದೆ."

ಬಂಡೆಯ ತುದಿಯಲ್ಲಿ ಪಡುವಣ ಗಾಳಿ ಸೀರೆಯನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಊರೇ ಏರಿಯ ಮೇಲೆ ನಿಂತಿತ್ತು. ಹಕ್ಕಿಯನ್ನು ಇಳಿಸಿದೆ. ಅದು ಗಾಳಿಗೆ ಮುಖ ಕೊಟ್ಟು ರೆಕ್ಕೆ ಬಿಚ್ಚಿತು. ಏನು ರೆಕ್ಕೆ ಅಂತೀರಿ! ಎರಡು ಹೆಜ್ಜೆ ಹಾಕಿ ಬಂಡೆಯಿಂದ ಕೆಳಗೆ ಬಿದ್ದೇಬಿಟ್ಟಿತು. "ಅಯ್ಯೋ!" ಎಂದಿತು ಜನ. ನೀರು ಇನ್ನೇನು ತಾಗಬೇಕು, ಗಾಳಿ ಅದನ್ನು ಎತ್ತಿಕೊಂಡಿತು.

ಮೇಲೆ, ಇನ್ನೂ ಮೇಲೆ. ಕೆರೆಗೆ ಒಂದು ಸುತ್ತು ಹಾಕಿತು. ನಾನು ಅಳುತ್ತಿದ್ದೆ, ನಗುತ್ತಿದ್ದೆ. ಇದ್ದಕ್ಕಿದ್ದಂತೆ ಅದು ರೆಕ್ಕೆ ಮಡಚಿ ಕಲ್ಲಿನ ಹಾಗೆ ನೇರ ನೀರಿಗೆ ಬಿತ್ತು.

"ಸತ್ತೋಯ್ತಾ?" ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.

ನೀರು ಒಡೆದು ಹಕ್ಕಿ ಮೇಲೆ ಬಂತು. ಕೊಕ್ಕಿನಲ್ಲಿ ಅಡ್ಡಡ್ಡಕ್ಕೆ ಮಿರಮಿರ ಮಿಂಚುವ ಮೀನು.

"ಹಿಡೀತು!" ಮಾವನ ಗಂಟಲು ಸಿಗಿದುಹೋಗುವಂತಿತ್ತು. ಹೆಗಲ ಟವೆಲ್ಲನ್ನು ಗಾಳಿಗೆ ಬೀಸುತ್ತಾ ಬಂಡೆಯ ತುದಿಗೆ ಓಡಿದರು. "ಹಿಡೀತು ಕಣ್ರಯ್ಯಾ, ತಾನೇ ಹಿಡೀತು! ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು! ಇನ್ನೊಂದು ಹಿಡಿ!"