ಸೊನ್ನೆ ಬಿದ್ದ ಮನೆಗಳು

“ನನ್ನ ಓಣೀಲಿ ಜ್ವರ ಇಲ್ಲ ಅಂತ ಯಾವನ್ರೀ ಹೇಳಿದ್ದು?”

ಮೇಜಿನ ಮೇಲೆ ಅವಳು ಚೀಲ ಕುಕ್ಕಿದ ರಭಸಕ್ಕೆ ಆರೋಗ್ಯ ಕಚೇರಿಯ ಸಾಹೇಬರ ಚಹಾ ತುಳುಕಿತು. ಮನೆಮನೆಗೆ ಹೋಗಿ ಜ್ವರದವರನ್ನು ಎಣಿಸುವುದು ಅವಳ ಕೆಲಸ. ಓಣಿಯವರು ಅವಳನ್ನು ಕರೆಯುವುದು ಖಾರದಕ್ಕ ಎಂದು. ಎದುರಿಗೇ ಕರೆಯುತ್ತಾರೆ, ಅವಳಿಗೂ ಬೇಜಾರಿಲ್ಲ.

ಸಾಹೇಬರು ಗೋಡೆಯ ಕಡೆ ಕೈ ತೋರಿಸಿದರು. ಊರಿನ ಎಂಟು ಬಡಾವಣೆಗಳಿಗೂ ಅಲ್ಲಿ ಜ್ವರದ ಲೆಕ್ಕದ ಒಂದೊಂದು ಗೆರೆ. ಏಳು ಗೆರೆಗಳು ಏರುತ್ತಲೋ ಹೊಯ್ದಾಡುತ್ತಲೋ ಇದ್ದವು. ಅವಳ ಬಡಾವಣೆಯದು ಮಾತ್ರ ಲಾಕ್‌ಡೌನ್ ಶುರುವಾದ ಎರಡನೇ ವಾರದಿಂದ ಜಾರುಬಂಡೆಯ ಹಾಗೆ ಇಳಿದು ನೆಲ ಮುಟ್ಟಿತ್ತು. ಪಕ್ಕದಲ್ಲಿ ಯಾರೋ ಹಸಿರು ಶಾಯಿಯಲ್ಲಿ ‘ಶಭಾಷ್’ ಎಂದು ಬರೆದಿದ್ದರು.

“ಆಕ್ಸಿಜನ್ ಗಾಡಿ ಇರೋದು ಒಂದೇ ಅಮ್ಮ,” ಎಂದರು ಸಾಹೇಬರು. “ಗೆರೆ ಏರಿದ ಕಡೆ ನಿಲ್ಲಿಸ್ತೀವಿ. ಎರಡು ಗಂಟೆಗೆ ಮೂರನೇ ಬಡಾವಣೆಗೆ ಹೊರಡತ್ತೆ. ಒಬ್ಬೊಬ್ಬರ ಮನೆ ಬಾಗಿಲಿಗೆ ಕಳಿಸೋಕೆ ಅದೇನು ಹಾಲಿನ ಗಾಡೀನಾ?”

ಗಾಡಿ ಕಿಟಕಿಯಾಚೆ ಅಂಗಳದಲ್ಲೇ ನಿಂತಿತ್ತು. ಅದನ್ನು ಬಿಟ್ಟು ಬೇರೆ ಯಾವ ಗಾಡಿಯೂ ರಸ್ತೆಯ ತಡೆಗಳನ್ನು ದಾಟಿ ಆಸ್ಪತ್ರೆ ಸೇರುವಂತಿರಲಿಲ್ಲ. ಬೆಳಿಗ್ಗೆ ಅವಳ ತಂಗಿ ಕಿಟಕಿಯ ಸಂದಿನಿಂದ “ಅಕ್ಕಾ, ಒಂಚೂರು...” ಎಂದಷ್ಟೇ ಹೇಳಿ, ಮುಂದಿನ ಮಾತಿಗೆ ಉಸಿರು ಸಾಲದೆ ಸುಮ್ಮನಾಗಿದ್ದಳು.

“ಆ ಗೆರೆ ಎಳೆದವರು ಯಾರು? ಕರೀರಿ ಅವರನ್ನ!”

“ನಾನೇ.” ಮೂಲೆಯ ಮೇಜಿನಿಂದ ಒಬ್ಬರು ಎದ್ದರು. ಕಾಲೇಜಿನ ಗಣಿತದ ಮೇಷ್ಟ್ರು. ಕಾಲೇಜು ಮುಚ್ಚಿದ ಮೇಲೆ ರೋಗ ಹೇಗೆ ಹರಡುತ್ತದೆಂದು ಲೆಕ್ಕ ಹಾಕಲು ಇಲ್ಲಿ ಕೂರಿಸಿದ್ದರು. “ಒಬ್ಬ ರೋಗಿ ಎಷ್ಟು ಜನಕ್ಕೆ ಹಚ್ತಾನೆ ಅನ್ನೋದೇ ಇದರ ಬೇರು. ಮೊದಲು ಒಬ್ಬನಿಂದ ಇಬ್ಬರಿಗೆ ಹೋಗ್ತಿತ್ತು. ಬೀದಿ ಮುಚ್ಚಿದ ಮೇಲೆ ನಿಮ್ಮಲ್ಲಿ ಒಬ್ಬನಿಂದ ಅರ್ಧ ಜನಕ್ಕೆ.”

“ಅರ್ಧ ಜನಕ್ಕಾ? ಸೊಂಟದಿಂದ ಮೇಲಕ್ಕೋ ಕೆಳಕ್ಕೋ?”

ಮೇಷ್ಟ್ರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಅಂದ್ರೆ ಇಬ್ಬರು ರೋಗಿಗಳಿಂದ ಒಬ್ಬರಿಗೆ. ಜನ ಜನ ಸೇರೋದು ತಪ್ಪಿದರೆ ರೋಗ ಬತ್ತುತ್ತೆ.”

“ಎಲ್ಲಿ ತಪ್ಪಿತು ಸ್ವಾಮಿ? ಒಂದು ಕೋಣೆ, ಒಂಬತ್ತು ಜನ. ಮೊದಲು ಹಗಲಾದ್ರೂ ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗ್ತಿದ್ರು. ಈಗ ಇಪ್ಪತ್ನಾಲ್ಕು ಗಂಟೆ ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ. ನೀವು ಬೀದಿ ಮುಚ್ಚಿ ಬೀಗೋದು, ರೋಗ ಒಳಗೆ ಕೂತು ಬೇಯೋದು!”

“ನಾನೂ ಹಾಗೇ ಲೆಕ್ಕ ಹಾಕಿದ್ದೆ,” ಎಂದರು ಮೇಷ್ಟ್ರು ಮೆಲ್ಲಗೆ. “ಸಣ್ಣ ಮನೆಗಳಲ್ಲಿ ಮೊದಲ ಮೂರು ವಾರ ಏರಲೇಬೇಕಿತ್ತು. ಆದರೆ ಓಣಿಯಿಂದ ಬಂದ ಅಂಕಿ ಇಳೀತಾ ಹೋಯ್ತು. ನನ್ನ ಊಹೆಯೇ ತಪ್ಪು ಅಂತ ತಿದ್ದಿಕೊಂಡೆ.” ಅವರು ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದರು. “ಅಂಕಿ ಕಳಿಸಿದ್ದು ನೀವೇ ಅಲ್ವಾ?”

ಇನ್ನೂರ ಹನ್ನೆರಡು ಮನೆ. ನೂರ ನಲವತ್ತರ ಮುಂದೆ ಸೊನ್ನೆ. ಕೆಳಗೆ ಅವಳದೇ ಹೆಸರು.

“ಅದು ಬೀಗ ಹಾಕಿದ ಮನೆಗಳದು!” ಅವಳ ದನಿ ಕಚೇರಿಯ ತಗಡಿನ ಮಾಡಿಗೆ ಬಡಿಯಿತು. “ಖಾಲಿ ಬಿಟ್ಟರೆ ನೀವು ಕೊಟ್ಟ ಫೋನಿನ ಪಟ್ಟಿ ಮುಂದಿನ ಮನೆಗೇ ಹೋಗಲ್ಲ. ಏನ್ಮಾಡ್ಲಿ ಅಂತ ಇದೇ ಸಾಹೇಬರನ್ನ ಕೇಳ್ದೆ. ‘ಸೊನ್ನೆ ಒತ್ತಿ ಮುಂದೆ ಹೋಗಮ್ಮ, ತಲೆ ತಿನ್ನಬೇಡ’ ಅಂದ್ರು. ಹೌದಾ ಇಲ್ವಾ ಸಾಹೇಬ್ರೇ?”

ಸಾಹೇಬರು ಲೋಟದ ಕೆಳಗೆ ಚೆಲ್ಲಿದ ಚಹಾವನ್ನು ಕಾಗದದಿಂದ ಒರೆಸತೊಡಗಿದರು.

“ಬೀಗ ಅಂದ್ರೆ... ಊರು ಬಿಟ್ಟು ಹೋಗಿದ್ದಾರೆ ಅಂತಲ್ವಾ?” ಎಂದರು ಮೇಷ್ಟ್ರು.

“ಎಲ್ಲಿಗೆ ಹೋಗ್ತಾರೆ? ಬಸ್ ಬಿಟ್ಟಿದ್ದೀರಾ? ಒಳಗೇ ಇದ್ದಾರೆ! ಜ್ವರ ಅಂದ ಮನೆ ಬಾಗಿಲಿಗೆ ನಿಮ್ಮೋರು ತಗಡು ಹೊಡೆದು ಹೋದ್ರು. ನೀರಿಗೂ ಹೊರಗೆ ಬರೋ ಹಾಗಿಲ್ಲ. ಅದನ್ನ ನೋಡಿದ ಮೇಲೆ ಉಳಿದೋರು ಪಕ್ಕದೋರ ಕೈಲಿ ಹೊರಗಿಂದ ಬೀಗ ಹಾಕಿಸ್ಕೊಂಡು ಒಳಗೆ ಕೆಮ್ತಾ ಕೂತಿದ್ದಾರೆ.”

ಹೇಳುತ್ತ ಹೇಳುತ್ತ ಅವಳು ಪರದೆಯ ಕಡೆ ನೋಡಿದಳು. ಪಟ್ಟಿಯ ಎಂಬತ್ತೇಳನೇ ಮನೆ ತಂಗಿಯದು. “ನಮ್ಮನೇಗೂ ಸೊನ್ನೆ ಹಾಕಕ್ಕ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಿದ್ದಳು. ಆ ಸೊನ್ನೆಯನ್ನು ಫೋನೂ ಕೇಳಿರಲಿಲ್ಲ, ಸಾಹೇಬರೂ ಹೇಳಿರಲಿಲ್ಲ. ಒಳಗಿನ ಕೆಮ್ಮು ಕೇಳುತ್ತಲೇ ಅವಳೇ ಒತ್ತಿದ್ದಳು.

ಮೇಷ್ಟ್ರು ಆಗಲೇ ಕುರ್ಚಿಗೆ ಕುಸಿದು ಕೀಲಿಗಳನ್ನು ಕುಟ್ಟುತ್ತಿದ್ದರು. ನೂರ ನಲವತ್ತು ಸೊನ್ನೆಗಳನ್ನು ಅಳಿಸಿ ‘ಗೊತ್ತಿಲ್ಲ’ ಎಂದು ತುಂಬಿದಾಗ ಪರದೆಯ ಮೇಲೆ ಇಳಿಯುತ್ತಿದ್ದ ಗೆರೆ ಮಾಯವಾಗಿ, ನೆಲದಿಂದ ಮೇಲಂಚಿನವರೆಗೆ ಒಂದು ಬೂದು ಪಟ್ಟೆ ಹರಡಿಕೊಂಡಿತು.

“ಈಗ ಜ್ವರದ ಲೆಕ್ಕ ಇದರೊಳಗೆ ಎಲ್ಲಿ ಬೇಕಾದರೂ ಇರಬಹುದು ಸರ್.”

“ಬೂದು ಬಣ್ಣಕ್ಕೆ ಗಾಡಿ ಕಳಿಸಿ ನಾಳೆ ಮೇಲಿನವರಿಗೆ ಏನ್ರೀ ಹೇಳಲಿ?” ಸಾಹೇಬರು ಗಡಿಯಾರ ನೋಡಿದರು. “ಸಂಖ್ಯೆ ಹೇಳಿ. ಎರಡು ಗಂಟೆಯೊಳಗೆ.”

ಅವಳು ಓಣಿ ಮುಟ್ಟುವಷ್ಟರಲ್ಲಿ ಒಂದೂವರೆ ದಾಟಿತ್ತು. ಮೇಷ್ಟ್ರು ಏದುಸಿರು ಬಿಡುತ್ತ ನೋಟ್‌ಪುಸ್ತಕ ಹಿಡಿದು ಹಿಂದೆಯೇ ಬಂದಿದ್ದರು. ಮೊದಲ ಬೀಗದ ಬಾಗಿಲು ತಟ್ಟಿದಳು. ಒಳಗಿನ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಎರಡನೆಯದು, ಮೂರನೆಯದು, ಹತ್ತನೆಯದು. ಯಾರೂ ಓಗೊಡಲಿಲ್ಲ. ತಗಡಿಗೆ ಹೆದರಿದವರಿಗೆ ಈಗ ಅವಳ ದನಿಯೂ ಮೊಳೆ ಹೊಡೆಯುವ ಸದ್ದಿನಂತೆಯೇ ಕೇಳುತ್ತಿತ್ತೇನೋ.

ಅವಳು ಓಣಿಯ ನಡುವೆ, ನಲ್ಲಿಯ ಕಟ್ಟೆ ಹತ್ತಿ ನಿಂತಳು.

“ಕೇಳ್ರೋ! ಮಾತಾಡಬೇಡಿ, ಹೆಸರು ಹೇಳಬೇಡಿ, ಬಾಗಿಲೂ ತೆಗೀಬೇಡಿ! ನಿಮಗೆಲ್ಲ ಸೊನ್ನೆ ಬರೆದ ಪಾಪಿ ನಾನೇ. ನನ್ನ ತಂಗಿಗೂ ಬರೆದೆ, ಅವಳಿಗೆ ಈಗ ಉಸಿರಾಡಕ್ಕಾಗ್ತಿಲ್ಲ! ಗಾಡಿ ಬರಬೇಕಾದರೆ ಲೆಕ್ಕ ಬೇಕಂತೆ. ಒಳಗೆ ಎಷ್ಟು ಜನಕ್ಕೆ ಜ್ವರ ಇದೆಯೋ ಅಷ್ಟು ಸಲ ಬಾಗಿಲು ಬಡೀರಿ. ಅಷ್ಟೇ! ತಗಡು ತಂದವನ ಕೈ ನಾನು ಮುರೀತೀನಿ!”

ಆಮೇಲೆ ಬಲಗಡೆಯ ಮೂರನೇ ಮನೆಯಿಂದ ಟಕ್, ಟಕ್. ಎರಡು. ಅದರ ಎದುರಿನಿಂದ ನಾಲ್ಕು. ಮೂಲೆಮನೆಯಿಂದ ಐದು, ತಡೆದು ಇನ್ನೊಂದು. ಮೇಷ್ಟ್ರು ಆ ಕಡೆಗೂ ಈ ಕಡೆಗೂ ತಿರುಗುತ್ತ ಗೀಟು ಹಾಕುತ್ತಿದ್ದರು. ಬಾಗಿಲುಗಳು ಒಂದರ ಮೇಲೊಂದು ಬಿದ್ದಂತೆ ಬಡಿದುಕೊಳ್ಳತೊಡಗಿದಾಗ ಅವರ ಕೈ ಸೋತಿತು. ಜೇಬಿನಲ್ಲಿ ಫೋನು ಅರಚಿತು.

“ಎರಡಾಯ್ತು ಕಣ್ರೀ. ಎಷ್ಟು?”

“ತಡೀರಿ ಸರ್,” ಎಂದು ಮೇಷ್ಟ್ರು ಫೋನನ್ನು ಓಣಿಯ ಕಡೆ ಎತ್ತಿ ಹಿಡಿದರು.

ಅವಳು ಕಟ್ಟೆ ಇಳಿದು ತಂಗಿಯ ಮನೆಯ ಮುಂದೆ ನಿಂತು, ಬೀಗದ ಪಕ್ಕದ ಹಲಗೆಗೆ ಅಂಗೈ ಒತ್ತಿದಳು. ಸುತ್ತ ಅಷ್ಟು ಸದ್ದಿದ್ದರೂ ಈ ಬಾಗಿಲು ಸುಮ್ಮನಿತ್ತು. ಅವಳು ಅಂಗೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಬಡಿತ ಬಂತು, ಕೆಳಗಡೆಯಿಂದ, ಹೊಸ್ತಿಲಿನ ಹತ್ತಿರದಿಂದ. ಅವಳು ಅಲ್ಲೇ ನೆಲಕ್ಕೆ ಕೂತು, ಅದು ಬಂದ ಜಾಗಕ್ಕೆ ಕೈ ಇಳಿಸಿದಳು.