ಕಪ್ತಾನ ಏನಂದ?

ಕಪ್ತಾನನ ಮಾತನ್ನು ಯಾರೋ ಕದ್ದಿದ್ದರು. ಯಾರೋ ಏನು, ಮುದ್ದೇಬಿಹಾಳದ ಟೀವಿ ರಿಪೇರಿ ಅಬ್ದುಲಗನಿಯೇ ಕದ್ದಿದ್ದ. ನನಗೆ ಅನುಮಾನವೇ ಇರಲಿಲ್ಲ.

ನಾನು ಜಯಮಾಲಾ, ಇಂಡಿ ಊರಿನ ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಸಿಂದಗಿಯ ಒಂದು ವಾರಪತ್ರಿಕೆಗೆ ‘ಆಕಾಶ್ ಚೌಕಿ’ ಎಂಬ ಹಳೆಯ ಹಿಂದಿ ಧಾರಾವಾಹಿಯ ವಿಮರ್ಶೆ ಬರೆಯುತ್ತೇನೆ, ವಾರಕ್ಕೊಂದು ಕಂತು. ಥರ್ಮಾಕೋಲಿನ ಗ್ರಹಗಳು, ತಗಡಿನ ಜಹಾಜು, ಗಡ್ಡದ ಕಪ್ತಾನ. ನಗಬೇಡಿ, ಆಗ ಅದನ್ನು ನೋಡಲು ಇಡೀ ಓಣಿಯೇ ಸೇರುತ್ತಿತ್ತು. ಹಳೆಯ ಕ್ಯಾಸೆಟ್ಟುಗಳಿಂದ ಅದನ್ನು ಇಂಟರ್ನೆಟ್ಟಿಗೆ ಏರಿಸಿದವನೇ ಈ ಅಬ್ದುಲಗನಿ.

ಹದಿಮೂರನೇ ಕಂತಿನಲ್ಲಿ ಒಂದು ಗ್ರಹ ಮುಳುಗುತ್ತದೆ. ಎಲ್ಲರೂ ಜಹಾಜು ಹತ್ತುತ್ತಾರೆ. ಒಬ್ಬ ಮುದುಕಿ ಮಾತ್ರ ತನ್ನ ಆಡು ಹಿಡಿದುಕೊಂಡು ಕೂತುಬಿಡುತ್ತಾಳೆ. ಬಾಗಿಲು ಮುಚ್ಚುವಾಗ ಕಪ್ತಾನ ಏನೋ ಹೇಳುತ್ತಾನೆ. ನಾನು ಅದನ್ನು ನೋಡಿದ್ದು ಹಳೇ ಕೊಲ್ಹಾರದಲ್ಲಿ, ಒಂಬತ್ತನೇ ವಯಸ್ಸಿಗೆ, ಅಬ್ದುಲಗನಿಯ ತಾಯಿ ಪೀರಬಿಯ ಮನೆಯಲ್ಲಿ. ಓಣಿಗೆ ಅದೊಂದೇ ಟೀವಿ. ನಮಗ್ಯಾರಿಗೂ ಹಿಂದಿ ಬಾರದು, ಪೀರಬಿಯೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು. ನಮ್ಮ ಊರೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ನನ್ನ ಆಯಿ, ಅಂದರೆ ಅಜ್ಜಿ ಗುರವ್ವ, ಆಡು ಬಿಟ್ಟು ಬರಲಾರೆನೆಂದು ಹಟ ಹಿಡಿದಿದ್ದಳು. ಅವಳನ್ನು ಬಿಟ್ಟೇ ಹೋಗೋಣ ಎಂದು ಗಂಡಸರು ಮಾತಾಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಸಂಜೆ ಪೀರಬಿ ಹೇಳಿದಳು: “ಅವ್ವಾ, ನಾಳೆ ಬರ್ತೇನಿ, ಆಡನ್ನೂ ಕರ್ಕೊಂಡ ಹೋಗ್ತೇನಿ, ಅಂತಾನ.” ನಾನು ಮನೆಗೆ ಹೋಗಿ ಎರಡು ರೊಟ್ಟಿ ತಿಂದೆ. ಮುಂದೆ ಆಯಿಯೂ ಆಡೂ ಒಂದೇ ಲಾರಿಯಲ್ಲಿ ಹೊಸ ಊರಿಗೆ ಬಂದರು.

ಈಗ ನೋಡಿದರೆ ಕಪ್ತಾನ ಅನ್ನುವುದೇ ಬೇರೆ: “ಜಹಾಜ್ ಉಠಾಓ. ಪೀಛೆ ಕೋಈ ನಹೀಂ ಬಚಾ.” ಜಹಾಜು ಮೇಲಕ್ಕೇರಿಸಿ, ಹಿಂದೆ ಯಾರೂ ಉಳಿದಿಲ್ಲವಂತೆ! ಹನ್ನೊಂದು ಸಲ ಕೇಳಿದೆ. ಸರಿಯಾಗಿ ಆ ಮಾತಿಗೆ ಮುಂಚೆ ‘ಖರ್’ ಎಂಬ ಸದ್ದು. ತುಟಿ ನೋಡೋಣವೆಂದರೆ ಗಡ್ಡ ಅಡ್ಡ. ಅಬ್ದುಲಗನಿಗೆ ಬರೆದು ಕೇಳಿದ್ದಕ್ಕೆ, “ಕ್ಯಾಸೆಟ್‌ನಾಗ ಇದ್ದಂಗ ಹಾಕೇನ್ರಿ ಟೀಚರ” ಎಂದ. ಅಷ್ಟು ನಯವಾಗಿ ಮಾತಾಡಿದರೆ ನನಗೆ ಸಂಶಯ ಇನ್ನೂ ಹೆಚ್ಚು. ನನ್ನ ಕಿವಿಗೇ ಹೂ ಇಡುತ್ತಾನಾ?

‘ದನಿ ತಿದ್ದಿದ ಕಳ್ಳ’ ಎಂದು ಹೆಸರು ಹಾಕಿಯೇ ವಿಮರ್ಶೆ ಬರೆದೆ. ಮರುದಿನ ಅದು ಅಚ್ಚಿಗೆ ಹೋಗಬೇಕು. ಮುಖಕ್ಕೇ ಕೇಳಿಬಿಡೋಣವೆಂದು ಬಸ್ಸು ಹತ್ತಿದೆ. ಬಸವನ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇನ್ನೊಮ್ಮೆ ಓದಿ, ‘ಖದೀಮ’ ಎಂದೂ ಸೇರಿಸಿದೆ.

“ಬರ್ರಿ ಟೀಚರ, ಚಾ ಕುಡೀರಿ,” ಎಂದ ಅಬ್ದುಲಗನಿ, ಮನೆಗೇ ಹೊಂದಿಕೊಂಡ ತನ್ನ ರಿಪೇರಿ ಅಂಗಡಿಯಿಂದ.

“ಚಾ ಆಮ್ಯಾಲ. ಮೊದಲ ಕ್ಯಾಸೆಟ್ ಹಚ್ಚು.”

ಹಚ್ಚಿದ. ಅದೇ ‘ಖರ್’, ಅದೇ ಮಾತು.

“ಕ್ಯಾಸೆಟ್ಟೂ ತಿದ್ದಿ ಇಟ್ಟೀಯೇನಪಾ? ನಿಮ್ಮವ್ವ ನಮಗ ಹೇಳಿದ್ದ ಬ್ಯಾರೆ!”

ಒಳಗಿನ ಮಂಚದಿಂದ ಪೀರಬಿ ಕೆಮ್ಮಿದಳು. ಕಣ್ಣು ಪೂರಾ ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. “ಅಂವನ್ನ ಬೈಬ್ಯಾಡವ್ವ. ಆ ಮಾತ ನಾನ ಕಟ್ಟಿದ್ದು.”

“ನಿಮಗ ಹಿಂದಿ ಬರ್ತಿತ್ತಲ್ರೀ!”

“ನನಗೆಲ್ಲಿ ಹಿಂದಿ? ನಿಮ್ಮಂಗ ನಂದೂ ಕನ್ನಡಾನ. ಸಾಬರ ಹೆಣ್ಮಗಳು, ಹಿಂದಿ ಬಂದ ಬರ್ತೈತಿ ಅಂತ ಓಣಿ ತುಂಬ ನೀವ ಅಂದ್ಕೊಂಡ್ರಿ. ಇಲ್ಲಾ ಅನ್ನಾಕ ನನಗ ನಾಚಿಕಿ. ಟೀವಿಯಾಗಿನ ಮಂದಿ ಮಾರಿ ನೋಡಿ ಹೇಳ್ತಿದ್ದೆ.”

ಮೂವತ್ತೈದು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

“ನೀ ಎರಡ ದಿನಾ ರೊಟ್ಟಿ ಮುಟ್ಟಿರ್ಲಿಲ್ಲ,” ಎಂದಳು. “ನಿಮ್ಮವ್ವ ಬಂದು ಅತ್ತಿದ್ಲು. ಅದಕ್ಕ ಹಂಗಂದೆ. ಸಣ್ಣ ಕೂಸಿಗೆ ಸುಳ್ಳ ಹೇಳಿದೆ ಅಂತ ಇನ್ನೂ ಕಡೀತೈತಿ ನನಗ. ಮಗನ್ನ ಕೇಳಾಕ ನಾಚಿಕಿ. ನೀ ಹಿಂದಿ ಕಲತೀಯಲ್ಲ, ಖರೇ ಹೇಳು. ಅಂವಾ ಏನಂತಾನ?”

ಹಿಂದಿ ಪೇಪರಿನಲ್ಲಿ ಒಂದು ಮಾತ್ರೆ ತಪ್ಪಿದರೂ ಮಾರ್ಕು ಕಡಿಯುವವಳು ನಾನು. ಮಂಚದ ಪಕ್ಕಕ್ಕೆ ಹೋಗಿ ಕೂತೆ.

“ಹಿಂದ ಇನ್ನೊಂದ ಜಹಾಜ ಬರಾಕತ್ತೈತಿ, ಅದರಾಗ ಆಡಿಗೂ ಜಾಗಾ ಐತಿ, ಅಂತಾನ್ರಿ.”

“ನೋಡು ಮತ್ತ!” ಪೀರಬಿ ನನ್ನ ಕೈ ಹಿಡಿದು ನಕ್ಕಳು. “ಭಾಳ ತಪ್ಪಿರ್ಲಿಲ್ಲ ನಾ.”

ಹಿಂದಿ ಚೆನ್ನಾಗಿ ಬಲ್ಲ ಅಬ್ದುಲಗನಿ ನನ್ನನ್ನೇ ನೋಡುತ್ತಿದ್ದ. ನಾನು ವಿಮರ್ಶೆಯ ಹಾಳೆಯನ್ನು ನಾಲ್ಕಾಗಿ ಹರಿದು ಬ್ಯಾಗಿಗೆ ತುರುಕಿದೆ.

“ಚಾ ಆರಾಕತ್ತೈತ್ರಿ ಟೀಚರ,” ಎಂದು ಅವನು ಕ್ಯಾಸೆಟ್ಟು ನಿಲ್ಲಿಸಿದ.